ಕಪ್ಪೆಯ ಊಟವೂ ಸಾಕುವವನ ಧರ್ಮವೂ

ಹಸಿದು ಬಂದವರಿಗೆ ಅನ್ನವಿಕ್ಕುವುದು ಪುಣ್ಯವೆಂಬ ವಿಷಯದಲ್ಲಿ ನಮ್ಮ ನಾಡಿನಲ್ಲಿ ಎಂದೂ ಎರಡು ಮಾತು ಇದ್ದುದಿಲ್ಲ. ಅತಿಥಿಯ ಕುಲಗೋತ್ರಗಳನ್ನು ಕೇಳುವುದಕ್ಕೆ ಮುಂಚೆ ಅವನ ಮುಂದೆ ಎಲೆ ಹಾಕಬೇಕೆಂದು ಹಿರಿಯರು ಹೇಳಿಕೊಟ್ಟರು. ಗೋವಿಗೆ ಒಂದು ಹಿಡಿ ಹುಲ್ಲು, ಕಾಗೆಗೆ ಒಂದು ತುತ್ತು, ಇರುವೆಯ ಗೂಡಿನ ಬಾಯಿಗೆ ಒಂದು ಚಿಟಿಕೆ ಸಕ್ಕರೆ, ಬೀದಿಯ ನಾಯಿಗೆ ಉಳಿದ ಮುದ್ದೆ - ಇವೆಲ್ಲವೂ ನಮ್ಮ ಮನೆಗಳಲ್ಲಿ ಹೆಸರಿಲ್ಲದೆ ನಡೆದುಬರುತ್ತಿರುವ ದಾನಗಳು. ಈ ದಾನಗಳಿಗೆಲ್ಲ ಸಾಮಾನ್ಯವಾದ ಒಂದು ಲಕ್ಷಣವುಂಟು: ಕೊಟ್ಟಮೇಲೂ ಕೊಡುವವನ ಕೈ ಶುದ್ಧವಾಗಿಯೇ ಉಳಿಯುತ್ತದೆ. ಒಂದು ಪ್ರಾಣಿಯ ಹಸಿವು ಹಿಂಗುವುದಕ್ಕಾಗಿ ಇನ್ನೊಂದರ ಪ್ರಾಣ ಹೋಗಬೇಕಾದುದಿಲ್ಲ. ಹೋಗಿದ್ದರೂ ನಮ್ಮ ಕಣ್ಣ ಮುಂದೆ ಹೋಗಿರುವುದಿಲ್ಲ.

ಹಾಗಲ್ಲದ ದಾನವೊಂದು ಈಚೆಗೆ ಪಟ್ಟಣಗಳ ಮನೆಯೊಳಕ್ಕೆ ಬಂದಿದೆ. ಗಾಜಿನ ಪೆಟ್ಟಿಗೆಯಲ್ಲಿ ಕಪ್ಪೆಯನ್ನಿಟ್ಟು ಸಾಕುವ ಹವ್ಯಾಸವನ್ನು ಕುರಿತು ಹೇಳುತ್ತಿದ್ದೇನೆ. ನಮ್ಮ ಕೆರೆಗಳ ಕಪ್ಪೆಯನ್ನು ಹಿಡಿದು ತಂದು ಮನೆಯಲ್ಲಿಡುವಂತಿಲ್ಲ. ಮಂಡರಗಪ್ಪೆಗೆ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಶಾಸನದ ಆಶ್ರಯವಿದೆ. ಆದುದರಿಂದ ಸಾಕುವವರು ಕೊಳ್ಳುವುದು ಪರದೇಶದ ಕಪ್ಪೆಗಳನ್ನು. ದಕ್ಷಿಣ ಅಮೆರಿಕದ ಕೊಂಬುಗಪ್ಪೆ ಇವುಗಳಲ್ಲಿ ಹೆಸರಾದುದು. ದೊಡ್ಡಬಳ್ಳಾಪುರದ ನಮ್ಮ ಬಂಧುಗಳ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬ ಇಂಥದೊಂದನ್ನು ತಂದಿದ್ದಾನೆ. ಮುಷ್ಟಿಯಷ್ಟು ಗಾತ್ರ, ಮೈಯ ಅರ್ಧ ಬಾಯಿಯೇ. ಒದ್ದೆಮಣ್ಣಿನಲ್ಲಿ ಕುತ್ತಿಗೆಯವರೆಗೆ ಹೂತುಕೊಂಡು ಋಷಿಯಂತೆ ಕುಳಿತಿರುತ್ತದೆ. ಹುಡುಗ ಒಂದು ಹುಳುವನ್ನು ಇಕ್ಕಳದಿಂದ ಹಿಡಿದು ಮುಂದೆ ಆಡಿಸಿದನೋ ಇಲ್ಲವೋ, ಋಷಿತ್ವವೆಲ್ಲ ಒಂದು ಕ್ಷಣದಲ್ಲಿ ಮಾಯವಾಗುತ್ತದೆ. ಅವನ ಅಜ್ಜಿ ಇದನ್ನು ನೋಡಿ, “ಲೋ ಮಗ, ಮನೆಯೊಳಗೆ ಕೂತು ದಿನವೂ ಒಂದು ಜೀವ ತೆಗೆಯುತ್ತೀಯಲ್ಲೋ, ಆ ಪಾಪ ಯಾರ ತಲೆಗೆ? ಒಂದು ತುತ್ತು ಮೊಸರನ್ನ ಕಲಸಿಕೊಡುತ್ತೇನೆ, ಅದನ್ನೇ ಇಡು,” ಎಂದರು. ಹುಡುಗ, “ಅದು ಅನ್ನ ತಿನ್ನುವುದಿಲ್ಲ ಅಜ್ಜಿ, ಸತ್ತುಹೋಗುತ್ತೆ,” ಎಂದ. “ಸಾಯುವಂಥದ್ದನ್ನು ಯಾಕೆ ತಂದೆ?” ಎಂದು ಆಕೆ ಮರುನುಡಿದರು. ಇಬ್ಬರೂ ನನ್ನ ಕಡೆಗೆ ತಿರುಗಿದರು. ಅಂದು ನಾನು ಕೊಟ್ಟ ಉತ್ತರ ಸಾಲದಾಗಿತ್ತೆಂದು ಅವರ ಮುಖದಿಂದಲೇ ತಿಳಿಯಿತು. ಅದನ್ನು ವಿಸ್ತರಿಸುವುದಕ್ಕಾಗಿ ಈ ಲೇಖನ.

ಕಪ್ಪೆಯ ಊಟದಂಥ ಕ್ಷುದ್ರವಿಷಯಕ್ಕೆ ಧರ್ಮಜಿಜ್ಞಾಸೆಯೇಕೆ ಎಂದು ಕೇಳುವ ವಾಚಕರಿರಬಹುದು. ಋಗ್ವೇದದ ಏಳನೆಯ ಮಂಡಲದಲ್ಲಿ ಕಪ್ಪೆಗಳಿಗೇ ಮೀಸಲಾದ ಒಂದು ಸೂಕ್ತವುಂಟೆಂಬುದನ್ನು ಅವರು ನೆನೆಯಬೇಕೆಂದು ಬೇಡುತ್ತೇನೆ. ಮಳೆಗಾಲದ ಮೊದಲಲ್ಲಿ ಕೂಗುವ ಈ ಪ್ರಾಣಿಯನ್ನು ಮಂತ್ರದ್ರಷ್ಟರು ಕ್ಷುದ್ರವೆಂದು ತಿಳಿಯಲಿಲ್ಲ. ಮೇಲಾಗಿ ಅಜ್ಜಿಯ ಪ್ರಶ್ನೆ ಕಪ್ಪೆಯೊಂದರದೇ ಅಲ್ಲ. ಜೀವವನ್ನುಂಡು ಬದುಕತಕ್ಕ ಜೀವವನ್ನು ತಾನಾಗಿ ಮನೆಗೆ ಕರೆತಂದು ಅದಕ್ಕೆ ಅನ್ನದಾತನಾದವನ ಹೊಣೆ ಎಷ್ಟು, ಎಂಬುದೇ ಅಲ್ಲಿನ ಪ್ರಶ್ನೆ. ಆ ಪ್ರಶ್ನೆಯಲ್ಲಿ ಎರಡು ಎಳೆಗಳಿವೆ: ಕಪ್ಪೆಗೆ ಯಾವುದು ಹಿತವಾದ ಆಹಾರವೆಂಬುದು ಒಂದು, ಅದನ್ನು ಕೊಡುವುದು ಸರಿಯೆ ಎಂಬುದು ಇನ್ನೊಂದು. ಮೊದಲನೆಯದನ್ನು ತಿಳಿಯದೆ ಎರಡನೆಯದನ್ನು ಚರ್ಚಿಸಹೊರಡುವುದೇ ನಮ್ಮ ಅನೇಕ ಧರ್ಮಚರ್ಚೆಗಳ ದೋಷ.

ಮೊದಲು ಕಪ್ಪೆಯ ಕಣ್ಣನ್ನು ನೋಡಬೇಕು. 1959ನೆಯ ಇಸವಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದ ಲೆಟ್ವಿನ್, ಮಟುರಾನ, ಮೆಕ್‌ಕಲಕ್, ಪಿಟ್ಸ್ ಎಂಬ ನಾಲ್ವರು ವಿದ್ವಾಂಸರು ಕಪ್ಪೆಯ ಕಣ್ಣು ಅದರ ಮಿದುಳಿಗೆ ಏನನ್ನು ಹೇಳುತ್ತದೆ ಎಂಬ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಸೂಕ್ಷ್ಮವಾದ ತಂತಿಯನ್ನಿಟ್ಟು, ಕಪ್ಪೆಯ ಮುಂದೆ ಬಗೆಬಗೆಯ ವಸ್ತುಗಳನ್ನು ಆಡಿಸಿ ನೋಡಿದರು. ಕಣ್ಣು ಲೋಕದ ಚಿತ್ರವನ್ನು ಇದ್ದದ್ದು ಇದ್ದಂತೆ ಮಿದುಳಿಗೆ ಒಪ್ಪಿಸುವುದಿಲ್ಲವೆಂದೂ, ಕಪ್ಪೆಯ ಬಾಳಿಗೆ ಬೇಕಾದ ಕೆಲವು ಸಂಗತಿಗಳನ್ನು ಮಾತ್ರ ತಾನೇ ಆರಿಸಿ ತಿಳಿಸುತ್ತದೆಂದೂ ಅವರಿಗೆ ಕಂಡುಬಂದಿತು. ಒಂದು ಬಗೆಯ ನರತಂತುಗಳು ಚಿಕ್ಕದಾದ, ಕಪ್ಪಾದ, ಚಲಿಸುವ ವಸ್ತು ಕಂಡಾಗಲೇ ಎಚ್ಚರಗೊಳ್ಳುತ್ತವೆ. ಅವೇ ಹುಳುವನ್ನು ಅರಿಯುವ ತಂತುಗಳು. ಅಲುಗದೆ ಬಿದ್ದಿರುವುದು ಕಪ್ಪೆಗೆ ಆಹಾರವಾಗಿ ತೋರುವುದೇ ಇಲ್ಲ. ಸುತ್ತಲೂ ಆಹಾರವಿದ್ದರೂ ಅದು ಅಲುಗದಿದ್ದರೆ ಕಪ್ಪೆ ಉಪವಾಸದಿಂದ ಸಾಯುತ್ತದೆಂದು ಆ ವಿದ್ವಾಂಸರು ಬರೆದಿದ್ದಾರೆ.

ಈ ಸಂಗತಿಯನ್ನು ನಾನು ಬಹಳ ಹೊತ್ತು ಯೋಚಿಸಿದ್ದೇನೆ. ನಮಗೆ ಹಸಿವೆಂಬುದು ಹೊಟ್ಟೆಯದು, ಅನ್ನವೆಂಬುದು ಹೊರಗಿನ ವಸ್ತು. ಕಪ್ಪೆಗೆ ಹಾಗಲ್ಲ, ಅನ್ನವೆಂಬುದು ಒಂದು ಚಲನೆ, ಒಂದು ಜೀವಲಕ್ಷಣ. ಎದುರಿಗಿರುವುದು ಜೀವಂತವಾಗಿದ್ದಾಗ, ಜೀವಂತವಾಗಿರುವುದರಿಂದಲೇ, ಅದು ಅನ್ನ. ಜೀವ ಹೋದಕೂಡಲೆ ಅದು ಕಲ್ಲಿಗೆ ಸಮಾನ. ‘ಕೊಲ್ಲದೆ ತಿನ್ನು’ ಎಂದು ಅದಕ್ಕೆ ಉಪದೇಶಮಾಡುವುದು ‘ನೋಡದೆ ಕಾಣು’ ಎಂದು ಹೇಳಿದಂತೆ. ಇದಕ್ಕೆ ಅಪವಾದಗಳಿವೆ, ಇಲ್ಲವೆನ್ನುವುದಿಲ್ಲ. ನೀರಿನಲ್ಲೇ ಬಾಳುವ ಆಫ್ರಿಕದ ಉಗುರುಗಪ್ಪೆ ವಾಸನೆ ಹಿಡಿದು ಸತ್ತ ಮಾಂಸವನ್ನೂ ತಿನ್ನುತ್ತದೆ. ಕೊಂಬುಗಪ್ಪೆಗೆ ಇಕ್ಕಳದ ತುದಿಯಲ್ಲಿ ಸತ್ತ ಹುಳುವನ್ನೋ, ಅದಕ್ಕೆಂದೇ ತಯಾರಿಸಿದ ಹಿಟ್ಟಿನ ಉಂಡೆಯನ್ನೋ ಅಲುಗಿಸಿ ಅಭ್ಯಾಸಮಾಡಿಸುವವರುಂಟು. ಆದರೆ ಅಲ್ಲಿಯೂ ಕಪ್ಪೆಯನ್ನು ಒಪ್ಪಿಸುವುದು ಕೈ ಕೊಟ್ಟ ಸುಳ್ಳು ಜೀವವೇ. ಆ ಉಂಡೆಯಲ್ಲಿರುವುದೂ ಮೀನಿನ ಪುಡಿ, ಹುಳುವಿನ ಪುಡಿ. ಕೊಲೆ ಎಲ್ಲಿಯೋ ಮುಂಚೆಯೇ ಆಗಿಹೋಗಿರುತ್ತದೆ, ನಮಗೆ ಕಾಣುವುದಿಲ್ಲ, ಅಷ್ಟೆ.

ಇನ್ನು ಮೊಸರನ್ನದ ಮಾತು. ದೊಡ್ಡಬಳ್ಳಾಪುರದವರಿಗೆ ಘಾಟಿ ಸುಬ್ರಹ್ಮಣ್ಯವನ್ನು ನಾನು ವರ್ಣಿಸಬೇಕಾಗಿಲ್ಲ. ಅಲ್ಲಿಯ ನಾಗರಕಲ್ಲುಗಳ ಮುಂದೆ ನಿಂತು ಹಾಲೆರೆಯುವ ಭಕ್ತರ ಕಣ್ಣಿನಲ್ಲಿರುವ ಆರ್ದ್ರತೆ ಸುಳ್ಳಲ್ಲ. ಆದರೆ ಹಾವು ಹಾಲು ಕುಡಿಯುವ ಪ್ರಾಣಿಯಲ್ಲವೆಂಬುದೂ ಸುಳ್ಳಲ್ಲ. ಹಾವಾಡಿಗರ ಬುಟ್ಟಿಯಲ್ಲಿ ದಿನಗಟ್ಟಲೆ ನೀರಿಲ್ಲದೆ ಬಾಯಾರಿದ ಹಾವು, ಸಿಕ್ಕಿದ ದ್ರವವನ್ನು ಹೀರಿಕೊಂಡು, ಅರಗಿಸಲಾರದೆ ನರಳುತ್ತದೆ. ಕಲ್ಲಿನ ನಾಗನಿಗೆ ಎರೆದ ಹಾಲಿನಿಂದ ಕೆಡುಕಿಲ್ಲ. ದಿಟದ ನಾಗನಿಗೆ ಕುಡಿಸಿದ ಹಾಲು ವಿಷವಾಗುತ್ತದೆ. (ಬಸವಣ್ಣನವರ ವಚನವೊಂದು ಇಲ್ಲಿ ಎಲ್ಲರ ನಾಲಗೆಗೂ ಬರುವುದು, ಅದರ ತಾತ್ಪರ್ಯ ಬೇರೆ, ಆದಕಾರಣ ಇಲ್ಲಿ ಎತ್ತಿ ಬರೆಯುವುದಿಲ್ಲ.) ಕಪ್ಪೆಗೆ ಅನ್ನವಿಕ್ಕುವ ಅಜ್ಜಿಯ ಕರುಣೆಯೂ ಇದೇ ಜಾತಿಯದು. ಅನ್ನ, ರೊಟ್ಟಿ, ಹಾಲು ಇವನ್ನು ಅರಗಿಸುವ ಶಕ್ತಿ ಕಪ್ಪೆಯ ಕರುಳಿಗಿಲ್ಲ. ತನಗೆ ಪವಿತ್ರವಾದುದನ್ನು ಕೊಡುವುದು ಒಂದು. ಪಡೆಯುವವನಿಗೆ ಹಿತವಾದುದನ್ನು ಕೊಡುವುದು ಮತ್ತೊಂದು. ಮೊದಲನೆಯದರಲ್ಲಿ ಕೊಡುವವನ ಮನಸ್ಸಿಗೆ ತೃಪ್ತಿಯಾಗುತ್ತದೆ; ಹೊಟ್ಟೆ ತುಂಬುವುದು ಎರಡನೆಯದರಲ್ಲಿ. ಅಹಿಂಸೆಯ ಹೆಸರಿನಲ್ಲಿ ಕಪ್ಪೆಯನ್ನು ಮೊಸರನ್ನದ ಮುಂದೆ ಉಪವಾಸ ಕೆಡಹುವವನು ಹುಳುವನ್ನು ಕೊಲ್ಲದಿರಬಹುದು. ಕಪ್ಪೆಯನ್ನಂತೂ ಕೊಲ್ಲುತ್ತಾನೆ, ಅದೂ ನಿಧಾನವಾಗಿ.

ಹಾಗಾದರೆ ಹಿತವಾದ ಆಹಾರವಾವುದು? ಬಲ್ಲವರು ಹೇಳುವುದನ್ನು ಸಂಗ್ರಹಿಸುತ್ತೇನೆ. ಮಿಡತೆ, ಇರುಳಲ್ಲಿ ಮೂಲೆಯಿಂದ ಚೀರುವ ಅದರ ದಾಯಾದಿ ಹುಳು, ಎರೆಹುಳು, ಸಾಕಿದ ಜಿರಲೆ, ರೇಷ್ಮೆಹುಳು ಇವು ಮುಖ್ಯವಾದುವು. ಒಂದೇ ಬಗೆಯನ್ನು ಸದಾ ಕೊಡಕೂಡದು. ಹುಳುವಿನ ಗಾತ್ರ ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರದಿದ್ದರೆ ಒಳ್ಳೆಯದು. ಕೊಂಬುಗಪ್ಪೆ ತನ್ನ ಬಾಯಿಗೆ ಹಿಡಿಸುವುದನ್ನೆಲ್ಲ, ತನ್ನ ಜಾತಿಯದನ್ನೇ ಆಗಲಿ, ನುಂಗಹೊರಡುತ್ತದೆ. ಸಾಕೆಂಬುದನ್ನು ಅದು ಅರಿಯದು, ಸಾಕಿದವನೇ ಅರಿಯಬೇಕು. ಇಲಿಮರಿಯಂಥ ಕೊಬ್ಬಿನ ಆಹಾರವನ್ನು ಮತ್ತೆ ಮತ್ತೆ ಕೊಟ್ಟರೆ ಮೈ ಕೊಬ್ಬುವುದಲ್ಲದೆ ಕಣ್ಣಿನ ಮೇಲೆ ಕೊಬ್ಬಿನ ಪೊರೆ ಕಟ್ಟುವುದೂ ಉಂಟು. ಹುಳುಗಳಲ್ಲಿ ಸಾಮಾನ್ಯವಾಗಿ ರಂಜಕದ ಅಂಶ ಹೆಚ್ಚು, ಸುಣ್ಣದ ಅಂಶ ಕಡಮೆ. ಬರಿಯ ಹುಳುವನ್ನೇ ತಿಂದು ಬೆಳೆದ ಸೆರೆಯ ಕಪ್ಪೆಯ ಎಲುಬು ರಬ್ಬರಿನಂತೆ ಬಾಗುತ್ತದೆ, ದವಡೆ ಜೋತುಬೀಳುತ್ತದೆ. ಆದಕಾರಣ ಸುಣ್ಣಾಂಶವೂ ಡಿ ಜೀವಸತ್ವವೂ ಸೇರಿದ ಪುಡಿಯನ್ನು ಹುಳುವಿನ ಮೇಲೆ ಹಿಟ್ಟು ಹೊರಳಿಸಿದಂತೆ ಹೊರಳಿಸಿ ಕೊಡಬೇಕು. ಎ ಜೀವಸತ್ವ ಕಡಮೆಯಾದರೆ ನಾಲಗೆಯ ಅಂಟು ಹೋಗಿ, ಕಪ್ಪೆ ಗುರಿಯಿಟ್ಟು ನೆಗೆದರೂ ಹುಳು ಅಂಟುವುದಿಲ್ಲ. ನೋಡುವವರು ಕಪ್ಪೆಗೆ ಹಸಿವಿಲ್ಲವೆಂದು ತಿಳಿಯುತ್ತಾರೆ. ಗೊದಮೊಟ್ಟೆಗಳ ಮಾತೇ ಬೇರೆ. ಅವುಗಳಲ್ಲಿ ಹೆಚ್ಚಿನವು ಪಾಚಿಯನ್ನೂ ಕೊಳೆತ ಸೊಪ್ಪನ್ನೂ ತಿಂದು ಬೆಳೆಯತಕ್ಕವು. ಬಾಲ ಕರಗುವಾಗ ಅವುಗಳ ಉದ್ದವಾದ ಕರುಳು ಕುಗ್ಗಿ ಮಾಂಸಾಹಾರಿಯ ಕರುಳಾಗುತ್ತದೆ. ಸಸ್ಯಾಹಾರಿಯಾಗಿ ಹುಟ್ಟಿ ಮಾಂಸಾಹಾರಿಯಾಗಿ ಬೆಳೆಯುವ ಈ ಪ್ರಾಣಿಯನ್ನು ನಮ್ಮ ವರ್ಗಗಳಲ್ಲಿ ಯಾವುದಕ್ಕೆ ಸೇರಿಸುವುದೋ ತಿಳಿಯದು.

ನೀರನ್ನೂ ಆಹಾರದಲ್ಲಿಯೇ ಎಣಿಸಬೇಕು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ, ಮುಖ್ಯವಾಗಿ ಕೆಳಹೊಟ್ಟೆಯ ಚರ್ಮದಿಂದ, ಹೀರುತ್ತದೆ. ಆದಕಾರಣ ನಲ್ಲಿಯ ನೀರಿನ ಕ್ಲೋರೀನು, ನಮ್ಮ ಕೈಯ ಸಾಬೂನು, ಪೆಟ್ಟಿಗೆಯನ್ನು ತೊಳೆದ ದ್ರಾವಣದ ಶೇಷ, ಎಲ್ಲವೂ ಅದರ ಒಡಲನ್ನು ಸೇರುತ್ತವೆ. ಇದಕ್ಕಿಂತಲೂ ದೊಡ್ಡ ಭಯ ಹುಳುವಿನ ಹೊಟ್ಟೆಯದು. ಹುಳು ಉಂಡದ್ದನ್ನೇ ಕಪ್ಪೆ ಉಣ್ಣುತ್ತದೆ. ದೇವನಹಳ್ಳಿ ದೊಡ್ಡಬಳ್ಳಾಪುರಗಳ ಕಡೆಯ ದ್ರಾಕ್ಷಿತೋಟಗಳಿಗೆ ಔಷಧ ಹೊಡೆಯುವುದನ್ನು ಕಂಡವರು ಆ ಬೇಲಿಯ ಮಗ್ಗುಲಿನ ಮಿಡತೆಯನ್ನು ಹಿಡಿದು ತಂದು ಕಪ್ಪೆಗೆ ಹಾಕಲಾರರು.

ಇಲ್ಲಿ ನಮ್ಮ ಸೀಮೆಯ ರೇಷ್ಮೆಹುಳುವಿನ ಪ್ರಸಕ್ತಿ ಬರುತ್ತದೆ. ಹಿಪ್ಪುನೇರಳೆಯ ಬೇಸಾಯ ಮಾಡುವ ರೈತನಿಗೆ ವಿಷದ ಸೂಕ್ಷ್ಮ ಗೊತ್ತಿರುವಷ್ಟು ರಸಾಯನಶಾಸ್ತ್ರದ ಪದವೀಧರನಿಗೂ ಗೊತ್ತಿರುವುದು ಕಷ್ಟ. ಪಕ್ಕದ ಹೊಲದವನು ಹೊಡೆದ ಔಷಧದ ಗಾಳಿ ಸೊಪ್ಪಿನ ಮೇಲೆ ಕೂತರೂ ತಟ್ಟೆಯ ಹುಳುಗಳು ವಾಂತಿಮಾಡಿಕೊಂಡು ಸಾಯುತ್ತವೆ. ಹೊಗೆಸೊಪ್ಪು ಮುಟ್ಟಿದ ಕೈಯಿಂದ ಸೊಪ್ಪು ಹಾಕಬಾರದೆಂದು ಹುಳುಮನೆಯ ಹೆಂಗಸರು ಮಕ್ಕಳನ್ನು ಗದರುತ್ತಾರೆ. ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವತನಕ ಬದುಕಿದ ಹುಳು ತಾನುಂಡ ಸೊಪ್ಪಿನ ಶುದ್ಧತೆಗೆ ತಾನೇ ಸಾಕ್ಷಿ. ಮೈ ಮೆತ್ತಗೆ, ಗಟ್ಟಿಕವಚವಿಲ್ಲ, ಕಚ್ಚುವುದಿಲ್ಲ, ಓಡಿಹೋಗುವುದಿಲ್ಲ. ಹಾಲುತೊಂಡೆ ಸುಣ್ಣಕಟ್ಟುಗಳು ತಗಲದ ತಟ್ಟೆಯದಾದರೆ ಸೆರೆಯ ಕಪ್ಪೆಗೆ ಕೊಡುವ ಉಣಿಸುಗಳ ಪಟ್ಟಿಯಲ್ಲಿ ಇದಕ್ಕೆ ಒಳ್ಳೆಯ ಸ್ಥಾನವಿದೆ. ಹುಡುಗ ವಿಜಯಪುರದ ಕಡೆಯ ಪರಿಚಿತ ರೈತರೊಬ್ಬರಿಂದ ಮೂರನೆಯ ಜ್ವರ ಎದ್ದ ಹುಳುಗಳನ್ನು ಬೇಡಿ ತರುತ್ತಾನೆಂದು ತಿಳಿಯಿತು. ಒಳ್ಳೆಯ ಕೆಲಸವೆಂದೇ ಹೇಳಬೇಕು.

ಆದರೆ ಇದೇ ಹುಳು ನಮ್ಮ ಚರ್ಚೆಗೆ ಬೇರೊಂದು ತಿರುವನ್ನು ಕೊಡುತ್ತದೆ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಮಗ್ಗದ ಸದ್ದು. ಮನೆಯ ಮದುವೆಗೆ ರೇಷ್ಮೆಯ ಸೀರೆ. ದೇವರಿಗೆ ಮಡಿಯುಡುವಾಗಲೂ ರೇಷ್ಮೆ. ಒಂದು ಕಿಲೋಗ್ರಾಂ ಕಚ್ಚಾರೇಷ್ಮೆಗೆ ಆರೇಳು ಕಿಲೋಗ್ರಾಂ ಗೂಡು ಬೇಕು. ಆ ಗೂಡುಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ಹುಳುಗಳಿರುತ್ತವೆ. ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಬಿಸಿಯ ಆವಿಯಲ್ಲಿಟ್ಟು ಒಳಗಿನ ಜೀವವನ್ನು ಕೊಂದಮೇಲೆಯೇ ನೂಲು ಬಿಚ್ಚುವುದು. ಹುಡುಗನು ಈ ಲೆಕ್ಕವನ್ನು ಅಜ್ಜಿಯ ಮುಂದೆ ಒಪ್ಪಿಸಿ, “ನಿಮ್ಮ ಒಂದು ಸೀರೆಯಲ್ಲಿ ನನ್ನ ಕಪ್ಪೆ ಹತ್ತು ವರುಷ ಉಣ್ಣಬಹುದು” ಎಂದನಂತೆ. ಚುರುಕಾದ ಮಾತು, ಆದರೆ ತರ್ಕವಲ್ಲ. ದೊಡ್ಡ ಸಾಲವಿರುವವನು ಎದುರಿಗಿದ್ದಾನೆಂದು ನನ್ನ ಚಿಕ್ಕ ಸಾಲ ತೀರಿಹೋಗುವುದಿಲ್ಲ. ಅಜ್ಜಿಯ ರೇಷ್ಮೆ ಅಜ್ಜಿಯನ್ನು ಪ್ರಶ್ನಿಸಲಿ. ಹುಡುಗನ ಇಕ್ಕಳವನ್ನು ಅದು ಸಮರ್ಥಿಸಲಾರದು. ಇನ್ನೊಬ್ಬರ ಹಿಂಸೆಯನ್ನು ತೋರಿಸಿ ತನ್ನ ಹಿಂಸೆಯನ್ನು ಮುಚ್ಚುವ ಈ ವಾದ ಇತ್ತೀಚೆಗೆ ಎಲ್ಲ ಚರ್ಚೆಗಳಲ್ಲಿಯೂ ಹೆಚ್ಚಾಗಿದೆ. ನನಗೆ ಅದು ರುಚಿಸುವುದಿಲ್ಲ.

ಜನ್ನಕವಿಯ ಯಶೋಧರಚರಿತೆಯನ್ನು ಇಲ್ಲಿ ನೆನೆಯುವುದು ಉಪಯುಕ್ತ. 1209ರ ಸುಮಾರಿಗೆ ಹುಟ್ಟಿದ ಆ ಕಾವ್ಯದಲ್ಲಿ ಯಶೋಧರರಾಜನು ಪ್ರಾಣಿಬಲಿಗೆ ಒಪ್ಪದೆ, ತಾಯಿಯ ಮಾತನ್ನು ಮೀರಲಾರದೆ, ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಜೀವವಿಲ್ಲದ ಹಿಟ್ಟು, ಆದರೂ ಆ ಸಂಕಲ್ಪದ ಫಲವಾಗಿ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲೆಗೀಡಾಗುತ್ತಾರೆ. ಕೈ ಏನನ್ನು ಕಡಿಯಿತೆಂಬುದಕ್ಕಿಂತ ಮನಸ್ಸು ಏನನ್ನು ಕಡಿಯಿತೆಂಬುದೇ ಅಲ್ಲಿ ನಿರ್ಣಾಯಕ. ಈ ಅಳತೆಗೋಲನ್ನು ಕಪ್ಪೆ ಸಾಕುವವನಿಗೆ ಹಿಡಿದರೆ ಏನಾಗುತ್ತದೆ? ಯಶೋಧರನಲ್ಲಿ ಜೀವ ಹೋಗಲಿಲ್ಲ, ಸಂಕಲ್ಪವಿತ್ತು. ಇಲ್ಲಿ ಜೀವ ಹೋಗುತ್ತದೆ. ಸಂಕಲ್ಪವಿರುವುದು ಮಾತ್ರ ಹುಳುವಿನ ಸಾವಿನಲ್ಲಲ್ಲ, ಕಪ್ಪೆಯ ಬದುಕಿನಲ್ಲಿ. ಹೀಗೆಂದು ಸಾಕುವವನು ಸಮಾಧಾನಪಟ್ಟುಕೊಳ್ಳಬಹುದು. ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅವನು ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಹುಳು ಒದ್ದಾಡುವುದನ್ನು ನೋಡಲು ಗೆಳೆಯರನ್ನು ಕರೆದು ಕೂಡಿಸಿಕೊಳ್ಳುತ್ತಾನೆಯೇ? ಅದರ ಚಲಚ್ಚಿತ್ರ ತೆಗೆದು ಊರಿಗೆಲ್ಲ ಹಂಚುತ್ತಾನೆಯೇ? ಹುಳುವೇ ಸಾಕಾಗಿರುವಾಗ ನೋಟ ಚೆನ್ನಾಗಿರುತ್ತದೆಂದು ಇಲಿಮರಿಯನ್ನು ತಂದು ಬಿಡುತ್ತಾನೆಯೇ? ಹೌದಾದರೆ ಅದು ಕಪ್ಪೆಯ ಊಟವಲ್ಲ, ಅವನ ಊಟ. ಹಿಟ್ಟಿನ ಕೋಳಿಯ ಕತ್ತಿ ಅಲ್ಲಿ ಅವನ ಕೈಯಲ್ಲಿಯೇ ಇದೆ.

ಶೃಂಗೇರಿಗೆ ಹೋದವರು ತುಂಗೆಯ ತೀರದಲ್ಲಿ ಕಪ್ಪೆಶಂಕರನನ್ನು ಕಂಡಿರುವರು. ಸುಡುಬಿಸಿಲಿನಲ್ಲಿ ಹೆರಿಗೆಯ ನೋವುಪಡುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆಯ ನೆರಳು ಹಿಡಿದಿದ್ದುದನ್ನು ಶಂಕರಾಚಾರ್ಯರು ಕಂಡು, ವೈರವಿಲ್ಲದ ಈ ನೆಲವೇ ಪೀಠಕ್ಕೆ ತಕ್ಕುದೆಂದು ನಿಶ್ಚಯಿಸಿದರೆಂಬ ಐತಿಹ್ಯ ಪ್ರಸಿದ್ಧವಾದುದು. ಎಳೆತನದಲ್ಲಿ ಈ ಕತೆಯನ್ನು ಕೇಳಿದವರೆಲ್ಲರಿಗೂ ಒಂದಲ್ಲ ಒಂದು ದಿನ ಬರುವ ಸಂದೇಹ ನನಗೂ ಬಂದಿತ್ತು: ಮರುದಿನ ಆ ಹಾವು ಏನನ್ನು ತಿಂದಿತು? ಭಕ್ತಿಯಿಲ್ಲದ ಪ್ರಶ್ನೆಯೆಂದು ಇದನ್ನು ತಳ್ಳಿಹಾಕಬೇಕಾಗಿಲ್ಲ. ಕತೆ ಹೇಳುವುದು ಹಾವು ಹುಲ್ಲು ತಿನ್ನುವುದಕ್ಕೆ ಕಲಿಯಿತೆಂದಲ್ಲ. ಆ ಹೊತ್ತಿನಲ್ಲಿ, ಆ ಜಾಗದಲ್ಲಿ, ಅದು ಹಿಂಸೆಯನ್ನು ತಡೆಹಿಡಿಯಿತೆಂದು. ಹಾವಿನ ಸ್ವಭಾವ ಹಾಗೆಯೇ ಉಳಿದಿದ್ದರಿಂದಲೇ ಆ ನೆರಳಿಗೆ ಬೆಲೆ. ಶಿಬಿಯ ಕತೆಯಲ್ಲಿಯೂ ಗಿಡುಗನ ಹಸಿವನ್ನು ರಾಜನು ತಪ್ಪೆನ್ನಲಿಲ್ಲ. ಪಾರಿವಾಳವನ್ನು ಉಳಿಸಬೇಕೆಂಬುದು ತನ್ನ ಇಚ್ಛೆಯಾದ್ದರಿಂದ ಅದರ ಬೆಲೆಯನ್ನು ತನ್ನ ತೊಡೆಯಿಂದಲೇ ಕೊಯ್ದು ತೂಗಿದನು. ಇಲ್ಲಿಯೇ ಕಪ್ಪೆ ಸಾಕುವವನಿಗೂ ಶಿಬಿಗೂ ಇರುವ ಅಂತರ. ಕಪ್ಪೆ ಬೇಕೆಂಬ ಇಚ್ಛೆ ಇವನದು. ಬೆಲೆ ಕೊಡುವುದು ಹುಳು.

ಹೊಣೆಯ ಪ್ರಶ್ನೆಗೆ ಈಗ ಉತ್ತರ ಸಮೀಪಿಸಿದೆ. ಕೆರೆಯ ಅಂಚಿನಲ್ಲಿ ಮಂಡರಗಪ್ಪೆ ಮಿಡತೆಯನ್ನು ನುಂಗಿದರೆ ಅಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಮಿಡತೆ ಹಾರಿ ತಪ್ಪಿಸಿಕೊಳ್ಳಬಹುದಾಗಿತ್ತು, ಕಪ್ಪೆ ಇನ್ನೊಂದನ್ನು ಅರಸಬಹುದಾಗಿತ್ತು, ಎರಡನ್ನೂ ಕೊಕ್ಕರೆ ಹಿಡಿಯಬಹುದಾಗಿತ್ತು. ನಾಲ್ಕು ಗಾಜಿನ ಗೋಡೆಗಳು ಎದ್ದಕೂಡಲೆ ಈ ಸಾಧ್ಯತೆಗಳೆಲ್ಲ ಮುಗಿದುವು. ಕಪ್ಪೆ ಏನನ್ನುಣ್ಣಬೇಕು, ಯಾವಾಗ, ಎಷ್ಟು, ಯಾವ ಹುಳು ಸಾಯಬೇಕು, ಹೇಗೆ - ಎಲ್ಲವನ್ನೂ ನಿರ್ಣಯಿಸುವವನು ಒಬ್ಬನೇ. ಪ್ರಕೃತಿಯಲ್ಲಿ ಯಾರದೂ ಅಲ್ಲದ ಹೊಣೆ ಅವನೊಬ್ಬನ ಮೇಲೆ ಬಂದು ಕೂತಿತು. ‘ಪ್ರಕೃತಿನಿಯಮ’ ಎಂದು ಹೇಳುವ ಅಧಿಕಾರವನ್ನು ಅವನು ಆ ಪೆಟ್ಟಿಗೆಯನ್ನು ಕೊಂಡ ದಿನವೇ ಬಿಟ್ಟುಕೊಟ್ಟನು. ಆದುದರಿಂದ ಹುಳುವಿನ ವಿಷಯದಲ್ಲಿಯೂ ಅವನಿಗೆ ಕರ್ತವ್ಯಗಳಿವೆ: ಸಾಯತಕ್ಕ ಹುಳುವೇ ಎಂದು ಅದನ್ನು ಡಬ್ಬಿಯಲ್ಲಿ ಹಸಿವಿನಿಂದ ಒಣಗಿಸಕೂಡದು, ಬೇಕಾದುದಕ್ಕಿಂತ ಒಂದು ಹುಳುವನ್ನೂ ಹೆಚ್ಚಾಗಿ ಹಾಕಕೂಡದು, ತಿನ್ನದೆ ಉಳಿದುದನ್ನು ಹೊರಗೆ ತೆಗೆಯಬೇಕು. ಇದರಲ್ಲಿ ಕಪ್ಪೆಯ ಹಿತವೂ ಸೇರಿದೆ. ಚೆನ್ನಾಗಿ ಉಂಡ ಹುಳುವೇ ಕಪ್ಪೆಗೆ ಪುಷ್ಟಿ; ಇರುಳೆಲ್ಲ ಪೆಟ್ಟಿಗೆಯಲ್ಲಿ ಉಳಿದ ಹಸಿದ ಹುಳು ಕಪ್ಪೆಯ ಚರ್ಮವನ್ನೇ ಕಡಿಯುವುದುಂಟು.

ಇಷ್ಟೆಲ್ಲ ತೊಡಕಿದ್ದರೆ ಸಾಕದಿರುವುದೇ ಮೇಲಲ್ಲವೇ ಎಂದರೆ, ಇನ್ನೂ ಕೊಳ್ಳದವನಿಗೆ ಹೌದೆಂದೇ ಹೇಳುತ್ತೇನೆ. ಅಜ್ಜಿಯ ಮರುಪ್ರಶ್ನೆ, “ಯಾಕೆ ತಂದೆ?” ಎಂಬುದು, ಇಡೀ ಚರ್ಚೆಯಲ್ಲಿ ಅತ್ಯಂತ ಬಲವಾದ ಮಾತು, ಅದಕ್ಕೆ ಹುಡುಗನ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ ಇಲ್ಲ. ಕೊಂಡವನಿಗೆ ಮಾತ್ರ ಹಿಂದಿರುಗುವ ದಾರಿಯಿಲ್ಲ. ಬೇಸರವಾಯಿತೆಂದು ಪರದೇಶದ ಕಪ್ಪೆಯನ್ನು ನಾಗರಕೆರೆಗೋ ಹೊಸಕೋಟೆಯ ಕೆರೆಗೋ ಬಿಟ್ಟು ಕೈತೊಳೆದುಕೊಳ್ಳುವುದು ದಯೆಯಲ್ಲ. ಕಪ್ಪೆಗಳ ಚರ್ಮಕ್ಕೆ ತಗಲುವ ಒಂದು ಶಿಲೀಂಧ್ರವನ್ನು 1999ರಲ್ಲಿ ಗುರುತಿಸಿ ಹೆಸರಿಟ್ಟರು. ಕಪ್ಪೆಗಳ ವ್ಯಾಪಾರದೊಡನೆ ಅದು ಖಂಡದಿಂದ ಖಂಡಕ್ಕೆ ಸಂಚರಿಸಿತು. ಅದರಿಂದ 500ಕ್ಕೂ ಮಿಕ್ಕಿದ ಜಾತಿಗಳು ಕ್ಷೀಣಿಸಿವೆಯೆಂದೂ, 90 ಜಾತಿಗಳು ಅಳಿದಿರಬೇಕೆಂದೂ 2019ರಲ್ಲಿ ವಿದ್ವಾಂಸರು ಲೆಕ್ಕಹಾಕಿದರು. ಕೊಂಬುಗಪ್ಪೆ ಸೆರೆಯಲ್ಲಿ ಹತ್ತು ವರುಷಕ್ಕೂ ಮೀರಿ ಬಾಳಬಲ್ಲದು. ಕೊಂಡವನ ಹೊಣೆಯ ಅವಧಿಯೂ ಅಷ್ಟೇ. ಶಾಸನವೂ ಈಗ ಈ ಕಡೆ ಕಣ್ಣಿಟ್ಟಿದೆ: 2022ರ ತಿದ್ದುಪಡಿಯಾದಮೇಲೆ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ಪರದೇಶದ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ಸರ್ಕಾರದಲ್ಲಿ ನೋಂದಾಯಿಸತಕ್ಕದ್ದು.

ಉಪವಾಸದ ಮಾತನ್ನೂ ಹೇಳಬೇಕು. ಸಾಕುವವರಲ್ಲಿ ಹಸಿವಿಟ್ಟು ಕೊಲ್ಲುವವರಿಗಿಂತ ತಿನ್ನಿಸಿ ಕೊಲ್ಲುವವರೇ ಹೆಚ್ಚೆಂದು ತೋರುತ್ತದೆ. ಬೆಳೆದ ಕಪ್ಪೆಗೆ ವಾರಕ್ಕೆ ಎರಡು ಮೂರು ಸಲ ಉಣಿಸಿದರೆ ಸಾಕು. ನಮಗೆ ಮೂರು ಹೊತ್ತು ಹಸಿಯುವುದರಿಂದ ಅದಕ್ಕೂ ಹಸಿಯುವುದೆಂದು ಊಹಿಸುತ್ತೇವೆ. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಬರುವ ದಾರಿಯಲ್ಲಿ ರಾಜಾನುಕುಂಟೆಯ ಕಡೆಯ ಬರಡು ನೆಲದಲ್ಲಿ ಸಿಕ್ಕಿದ ಒಂದು ಬಿಲಗಪ್ಪೆಯನ್ನು ವಿದ್ವಾಂಸರು ಹೊಸ ಜಾತಿಯೆಂದು ನಿರ್ಣಯಿಸಿ, 2020ರಲ್ಲಿ ಅದಕ್ಕೆ ಬೆಂಗಳೂರಿನ ಹೆಸರನ್ನೇ ಇಟ್ಟರು. ಈ ಕುಲದ ಕಪ್ಪೆಗಳು ಹಿಂಗಾಲಿನಿಂದ ಮಣ್ಣು ತೋಡಿ, ಹಿಮ್ಮುಖವಾಗಿ ಒಳಗಿಳಿದು, ಬೇಸಗೆಯ ತಿಂಗಳುಗಳನ್ನು ಅನ್ನನೀರಿಲ್ಲದೆ ಕಳೆಯುತ್ತವೆ. ಅವುಗಳ ಒಡಲಿಗೆ ಉಪವಾಸ ವ್ರತವಲ್ಲ, ಋತು. ದಿನವೂ ಇಕ್ಕಳ ಹಿಡಿದು ನಿಲ್ಲುವವನು ಕಪ್ಪೆಯ ಹಸಿವನ್ನು ತಣಿಸುತ್ತಿಲ್ಲ. ತನ್ನ ಕೈಯಿಂದ ಅದು ತಿನ್ನುವುದನ್ನು ಕಾಣುವ ತನ್ನ ಹಂಬಲವನ್ನು ತಣಿಸಿಕೊಳ್ಳುತ್ತಿದ್ದಾನೆ. ತಾಯಂದಿರಲ್ಲಿಯೂ ಈ ದೌರ್ಬಲ್ಯವನ್ನು ಕಂಡಿದ್ದೇವೆ. ಅಲ್ಲಿ ಮಗು ಬಾಯಿ ತಿರುಗಿಸಿಕೊಳ್ಳುತ್ತದೆ. ಕೊಂಬುಗಪ್ಪೆ ತಿರುಗಿಸಿಕೊಳ್ಳುವುದಿಲ್ಲ.

ಸೆರೆಯ ಒಂದು ಕಪ್ಪೆಯ ಊಟಕ್ಕೆ ಇಷ್ಟು ಬರೆದಮೇಲೆ ಸೆರೆಯಿಲ್ಲದವುಗಳ ಊಟವನ್ನು ಕುರಿತೂ ಎರಡು ಮಾತು ಸಲ್ಲಬೇಕು. ಒಂದು ಕಾಲದಲ್ಲಿ ನಮ್ಮ ದೇಶದ ಗದ್ದೆಗಳ ಕಪ್ಪೆಗಳ ಕಾಲುಗಳು ಹಡಗಿನಲ್ಲಿ ಪರದೇಶದ ಊಟದ ಮೇಜುಗಳಿಗೆ ಹೋಗುತ್ತಿದ್ದುವು. 1985ರಲ್ಲಿ ಮಂಡರಗಪ್ಪೆ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು, 1987ರಲ್ಲಿ ಭಾರತಸರ್ಕಾರವು ಆ ರಫ್ತನ್ನೇ ನಿಲ್ಲಿಸಿತು. ಬೆಳೆಯ ಹುಳುಗಳನ್ನು ತಿನ್ನುವ ಕಪ್ಪೆಯನ್ನು ಮಾರಿ, ಆ ಹುಳುಗಳನ್ನು ಕೊಲ್ಲುವ ಔಷಧವನ್ನು ಕೊಳ್ಳುವುದು ಯಾವ ವ್ಯಾಪಾರವೆಂದು ಆಗ ಅನೇಕರು ಕೇಳಿದ್ದರು. ರಫ್ತು ನಿಂತಿತು, ಔಷಧ ನಿಲ್ಲಲಿಲ್ಲ. ಅರ್ಕಾವತಿಯ ಬಯಲಿನಲ್ಲಿ ಹೊಲ ನಿವೇಶನವಾದೆಡೆಗಳಲ್ಲಿ ಬಿಲ ತೋಡುವುದಕ್ಕೆ ಮಣ್ಣೇ ಇಲ್ಲ. ನೆಲಮಂಗಲದ ಹೆದ್ದಾರಿಯಾಗಲಿ, ದೇವನಹಳ್ಳಿಯ ವಿಮಾನನಿಲ್ದಾಣದ ದಾರಿಯಾಗಲಿ, ಮಳೆಬಿದ್ದ ರಾತ್ರಿ ಅಡ್ಡಹಾಯುವ ಕಪ್ಪೆಗಾಗಿ ನಿಧಾನಿಸುವುದಿಲ್ಲ.

ಆದರೂ ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಹಿಪ್ಪುನೇರಳೆ ತೋಟಗಳ ಬದುಗಳಿಂದ ಈಸಲುಹುಳು ಏಳುತ್ತದೆ. ಔಷಧ ಬೀಳದ ಆ ನೆಲದಲ್ಲಿ, ಪಂಪಿನ ಮನೆಯ ದೀಪದ ಕೆಳಗೆ, ಎಲ್ಲಿಂದಲೋ ಬಂದ ಕಪ್ಪೆಗಳು ಸಾಲಾಗಿ ಕುಳಿತು, ರೆಕ್ಕೆ ಉದುರಿಸಿ ನೆಲದ ಮೇಲೆ ಹರಿದಾಡುವ ಹುಳುಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತವೆ. ಹೊಟ್ಟೆ ತುಂಬಿದವು ಕೆರೆಯ ಕಡೆಗೆ ಹೋಗಿ ಕೂಗುವುದಕ್ಕೆ ತೊಡಗುತ್ತವೆ. ಆ ಕೂಗು ಬೆಳಗಿನ ಜಾವದವರೆಗೂ ಕೇಳಿಸುತ್ತದೆ.